ಡ್ಯೂಟಿ ಮುಗಿದ ಮೇಲೂ ಸೊಂಟದಲ್ಲಿ ಪಿಸ್ತೂಲು: ಅಮೆರಿಕದ ಜೈಲು ಅಧಿಕಾರಿಗಳು ಮೊದಲು ನೋಡಿಕೊಳ್ಳಬೇಕಾದ್ದು ಏನು?

ಅಮೆರಿಕದಲ್ಲಿ ಜೈಲು ಕೆಲಸಕ್ಕೆ ಸೇರಿರುವ ನಮ್ಮವರು, ಅವರ ಮನೆಯವರು, ಊರಲ್ಲಿ ಕೂತು ಚಿಂತೆ ಮಾಡುವ ಅಪ್ಪ ಅಮ್ಮ, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಕರೆಕ್ಷನ್ಸ್ ಆಫೀಸರ್, ಅಂದರೆ ಜೈಲಿನಲ್ಲಿ ಕೈದಿಗಳನ್ನು ಕಾಯುವ ಸರ್ಕಾರಿ ಅಧಿಕಾರಿ, ಯೂನಿಫಾರ್ಮ್ ಕಳಚಿಟ್ಟ ಮೇಲೂ ಬಟ್ಟೆಯೊಳಗೆ ಪಿಸ್ತೂಲು ಮರೆಸಿಟ್ಟುಕೊಂಡು ಓಡಾಡಬಹುದೇ? ಪೊಲೀಸರಿಗೆ ಆಗುತ್ತದೆ ಅಂದ ಮೇಲೆ ಇವರಿಗೆ ಯಾಕಾಗಬಾರದು?

ಕೇಳುವವರಿಗೆ ಭಯವಿದೆ, ಆ ಭಯಕ್ಕೆ ಕಾರಣವೂ ಇದೆ. 2013ರ ಫೆಬ್ರವರಿ 26ರಂದು ಪೋರ್ಟೊ ರಿಕೊದ ಗ್ವಾಯ್ನಾಬೊ ಫೆಡರಲ್ ಬಂಧನ ಕೇಂದ್ರದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಲೆಫ್ಟಿನೆಂಟ್ ಒಸ್ವಾಲ್ಡೊ ಅಲ್ಬರಾಟಿಯವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಕೈದಿಗಳು ಕದ್ದು ತರಿಸಿಕೊಳ್ಳುತ್ತಿದ್ದ ಮೊಬೈಲ್ ಫೋನುಗಳನ್ನು ಅವರು ಹಿಡಿಯುತ್ತಿದ್ದರು, ಅದಕ್ಕೆ ತೀರಿಸಿಕೊಂಡ ಸೇಡು ಅದು. ಮುಂದಿನ ತಿಂಗಳು, ಮಾರ್ಚ್ 19ರಂದು, ಕೊಲರಾಡೊ ರಾಜ್ಯದ ಜೈಲು ಇಲಾಖೆಯ ಮುಖ್ಯಸ್ಥ ಟಾಮ್ ಕ್ಲೆಮೆಂಟ್ಸ್ ತಮ್ಮದೇ ಮನೆಯ ಬಾಗಿಲಲ್ಲಿ, ಪೆರೋಲ್ ಮೇಲೆ ಹೊರಬಂದಿದ್ದವನೊಬ್ಬನ ಗುಂಡಿಗೆ ಬಲಿಯಾದರು. ಒಳಗೆ ಬೀಗ ಹಾಕಿ ಕಾದವರ ಮುಖ ಹೊರಗೆ ಬಂದವರಿಗೆ ಮರೆಯುವುದಿಲ್ಲ.

ಉತ್ತರ ಹೇಳುತ್ತೇನೆ: ಹಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ. ನಿಮಗೆ ಆಗುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಎದೆ ಮೇಲಿನ ಬ್ಯಾಡ್ಜ್ ಅಲ್ಲ, ಕಾಗದ. ಕಾಗದ ಕೈಗೆ ಬರುವ ಮೊದಲು ಪಿಸ್ತೂಲನ್ನು ಹೊಸ್ತಿಲು ದಾಟಿಸಬೇಡಿ.

ದಾರಿಗಳು ಮೂರಿವೆ. ಒಂದು, ನಿಮ್ಮ ರಾಜ್ಯದ ಕಾನೂನೇ ಜೈಲು ಅಧಿಕಾರಿಗಳಿಗೆ ಕೊಟ್ಟಿರುವ ಅನುಮತಿ. ಎರಡು, ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು, ಅಂದರೆ ಕೇಂದ್ರದ ಕಾನೂನು. ಅದನ್ನು ಅಲ್ಲಿನವರು ‘ಲಿಯೋಸಾ’ ಅನ್ನುತ್ತಾರೆ. ಪೂರ್ತಿ ಹೆಸರು ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್ಸ್ ಸೇಫ್ಟಿ ಆ್ಯಕ್ಟ್, ಜಾರ್ಜ್ ಡಬ್ಲ್ಯೂ. ಬುಷ್ ಅಧ್ಯಕ್ಷರಾಗಿದ್ದಾಗ 2004ರ ಜುಲೈ 22ರಂದು ಸಹಿಯಾದದ್ದು. ಫೆಡರಲ್ ಕಾನೂನು ಸಂಹಿತೆಯ 18ನೇ ಶೀರ್ಷಿಕೆಯಲ್ಲಿ 926ಬಿ ಅನ್ನುವುದು ಕೆಲಸದಲ್ಲಿರುವವರಿಗೆ, 926ಸಿ ಅನ್ನುವುದು ನಿವೃತ್ತರಿಗೆ. ಮೂರನೆಯದು, ಸಾಮಾನ್ಯ ನಾಗರಿಕರಿಗಿರುವ ಗನ್ ಲೈಸೆನ್ಸ್.

ಲಿಯೋಸಾ ಲೈಸೆನ್ಸ್ ಅಲ್ಲ, ವಿನಾಯಿತಿ. ನಮ್ಮಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಆ ಬಗೆಯದು. ಯಾರೂ ಅರ್ಜಿ ತೆಗೆದುಕೊಂಡು ಪರವಾನಗಿ ಕೊಡುವುದಿಲ್ಲ. ಷರತ್ತುಗಳೆಲ್ಲ ನಿಮ್ಮಲ್ಲಿ ಕೂಡಿಬಂದಿದ್ದರೆ ಬೇರೆ ರಾಜ್ಯದ ಗನ್ ಕಾನೂನು ನಿಮ್ಮನ್ನು ತಡೆಯುವಂತಿಲ್ಲ, ಅಷ್ಟೇ. ಕೂಡಿಬಂದಿವೆ ಅಂತ ತೋರಿಸುವ ಹೊಣೆ ಮಾತ್ರ, ರಸ್ತೆ ಬದಿಯಲ್ಲಿ, ರಾತ್ರಿ ಹೊತ್ತಿನಲ್ಲಿ, ನಿಮ್ಮ ಮೇಲೆ ಬೀಳುತ್ತದೆ.

ಶುರು ಮಾಡುವ ಮೊದಲು ಇವಿಷ್ಟನ್ನು ಒಂದು ಫೈಲಿನಲ್ಲಿ ಹಾಕಿಟ್ಟುಕೊಳ್ಳಿ: ನೇಮಕಾತಿ ಆದೇಶ, ಇಲಾಖೆಯ ಫೋಟೊ ಇರುವ ಐಡಿ ಕಾರ್ಡ್, ಕೊನೆಯ ಬಾರಿ ಗುಂಡು ಹಾರಿಸುವ ಪರೀಕ್ಷೆ ಪಾಸಾದ ದಾಖಲೆ, ಇಲಾಖೆಯ ಗನ್ ನಿಯಮಾವಳಿಯ ಪ್ರತಿ. ಅಮೆರಿಕದ ಪೌರತ್ವ ಇಲ್ಲದವರು ಗ್ರೀನ್ ಕಾರ್ಡಿನ ಪ್ರತಿಯನ್ನೂ ಇಟ್ಟುಕೊಳ್ಳಿ.

ಹಂತ 1: ನಿಮಗೆ ಸಂಬಳ ಕೊಡುವವರು ಯಾರು?

ಲಿಯೋಸಾದ ಮೊದಲ ಮಾತೇ ‘ಸರ್ಕಾರಿ ಸಂಸ್ಥೆಯ ಉದ್ಯೋಗಿ’ ಅಂತ. ಫೆಡರಲ್, ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದು), ನಗರ, ಯಾವ ಸರ್ಕಾರವಾದರೂ ಸರಿ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ನಡೆಸುವ ಜೈಲುಗಳೂ ಇವೆ. ಅಲ್ಲಿ ಕೆಲಸ ಮಾಡುವವರು ಅದೇ ಬಣ್ಣದ ಯೂನಿಫಾರ್ಮ್ ಹಾಕಿ, ಅದೇ ತರಹದ ಕೈದಿಗಳನ್ನು ಕಾಯುತ್ತಿದ್ದರೂ ಲಿಯೋಸಾ ಅವರಿಗಿಲ್ಲ. ಅಪಾಯ ಸಮಾನವಾಗಿರುವಾಗ ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ, ಆದರೆ ಕಾನೂನಿನ ಅಕ್ಷರ ಹಾಗಿದೆ. ನೀವು ಕಂಪನಿಯ ಉದ್ಯೋಗಿಯಾಗಿದ್ದರೆ ನೇರವಾಗಿ 7ನೇ ಹಂತಕ್ಕೆ ಹೋಗಿ.

ಹಂತ 2: ಬಂಧಿಸುವ ಅಧಿಕಾರ ನಿಮಗಿದೆಯೇ?

ಎಲ್ಲ ಜಗಳವೂ ಇಲ್ಲೇ ನಡೆಯುವುದು. ನಿಧಾನವಾಗಿ ಓದಿ.

ಜೈಲು ಅಧಿಕಾರಿಗಳನ್ನು ಲಿಯೋಸಾ ಬೇಕೆಂದೇ ಒಳಗೆ ಸೇರಿಸಿದೆ. ಅಪರಾಧವನ್ನು ತಡೆಯುವ, ಪತ್ತೆ ಹಚ್ಚುವ, ತನಿಖೆ ಮಾಡುವ, ವಿಚಾರಣೆಗೆ ಒಯ್ಯುವ ಕೆಲಸಗಳ ಜೊತೆಗೆ ‘ಯಾರನ್ನೇ ಆಗಲಿ ಸೆರೆಯಲ್ಲಿಡುವ’ ಕೆಲಸವನ್ನೂ ಅದು ಹೆಸರಿಸುತ್ತದೆ. ತುಂಬ ಜನ ಅಷ್ಟನ್ನು ಓದಿ ಸಂತೋಷಪಟ್ಟು ಪುಸ್ತಕ ಮುಚ್ಚಿಬಿಡುತ್ತಾರೆ. ಅದೇ ವಾಕ್ಯ ಮುಂದುವರಿದು ‘ಮತ್ತು’ ಅನ್ನುತ್ತದೆ: ಮತ್ತು ಬಂಧಿಸುವ ಶಾಸನಬದ್ಧ ಅಧಿಕಾರ ಇರಬೇಕು. ಎರಡೂ ಬೇಕು, ಒಂದಿದ್ದರೆ ಸಾಲದು.

ಶಾಸನಬದ್ಧ ಅಂದರೆ ಶಾಸನಸಭೆ ಮಾಡಿದ ಕಾಯ್ದೆಯಲ್ಲಿ ಬರೆದಿರುವುದು. ಜೈಲಿನ ಮುಖ್ಯಸ್ಥ, ಅಂದರೆ ವಾರ್ಡನ್, ಬಾಯಲ್ಲಿ ಹೇಳಿದ್ದು, ತರಬೇತಿಯಲ್ಲಿ ಕೇಳಿದ್ದು, ಹಿರಿಯ ಸಹೋದ್ಯೋಗಿ ‘ನಾನು ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದೀನಿ’ ಅಂದದ್ದು, ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಜೈಲಿನೊಳಗೆ ಕೈದಿಗೆ ಕೋಳ ತೊಡಿಸುವುದನ್ನೂ ‘ಬಂಧಿಸುವುದು’ ಅಂದುಕೊಳ್ಳಬೇಡಿ. ಅವನು ಆಗಲೇ ಬಂಧನದಲ್ಲಿದ್ದಾನೆ.

ಹುಡುಕುವುದು ಹೀಗೆ. ನಿಮ್ಮ ರಾಜ್ಯದ ಕಾನೂನು ಸಂಹಿತೆಯಲ್ಲಿ ‘ಪೀಸ್ ಆಫೀಸರ್’ ಅನ್ನುವ ಪದದ ವ್ಯಾಖ್ಯೆ ತೆಗೆಯಿರಿ. ಬಂಧಿಸುವ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿರುವ ಸರ್ಕಾರಿ ನೌಕರನಿಗೆ ಅಲ್ಲಿ ಬಳಸುವ ಪದ ಅದು. ಆ ಪಟ್ಟಿಯಲ್ಲಿ ನಿಮ್ಮ ಹುದ್ದೆಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ತಪ್ಪಿಸಿಕೊಂಡ ಕೈದಿಯನ್ನು ಹಿಡಿಯುವ, ಪೆರೋಲ್ ಮುರಿದವನನ್ನು ಹಿಡಿದು ತರುವ ಅಧಿಕಾರ ಯಾರಿಗಿದೆ ಅಂತ ಹೇಳುವ ಕಲಮುಗಳನ್ನು ಹುಡುಕಿ.

ಇಂಥ ಸೀಮಿತ ಅಧಿಕಾರ ಸಾಕಾಗುತ್ತದೆಯೇ ಅನ್ನುವ ಪ್ರಶ್ನೆ ಕೋರ್ಟ್ ಮೆಟ್ಟಿಲೇರಿದೆ. ವಾಷಿಂಗ್ಟನ್ ಡಿ.ಸಿ.ಯ ನಿವೃತ್ತ ಜೈಲು ಅಧಿಕಾರಿಗಳು ತಮ್ಮ ಸರ್ಕಾರದ ಮೇಲೆ ದಾವೆ ಹೂಡಿದರು. ನಿಮಗೆ ಪೂರ್ತಿ ಬಂಧನಾಧಿಕಾರ ಇರಲಿಲ್ಲ, ಆದ್ದರಿಂದ ಲಿಯೋಸಾ ನಿಮಗಲ್ಲ ಅನ್ನುವುದು ಸರ್ಕಾರದ ವಾದ. ಡುಬೆರಿ ಪ್ರಕರಣ ಅಂತ ಹೆಸರಾದ ಇದರಲ್ಲಿ 2016ರಲ್ಲಿ ಡಿ.ಸಿ. ಸರ್ಕ್ಯೂಟ್, ಅಂದರೆ ಆ ಪ್ರದೇಶದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಅಧಿಕಾರಿಗಳ ದಾವೆಯನ್ನು ಆರಂಭದಲ್ಲೇ ತಳ್ಳಿಹಾಕಿದ್ದು ತಪ್ಪು ಅಂದಿತು. ಜೈಲು ಅಧಿಕಾರಿಗಳ ಪಾಲಿಗೆ ಅದು ದೊಡ್ಡ ಹೆಜ್ಜೆ. ಹಾಗಂತ ಡಿ.ಸಿ. ಸರ್ಕ್ಯೂಟಿನ ಮಾತು ಬೇರೆ ಸರ್ಕ್ಯೂಟುಗಳನ್ನು ಕಟ್ಟಿಹಾಕುವುದಿಲ್ಲ. ನಿಮ್ಮ ರಾಜ್ಯದ ಕಲಮಿನ ಸಂಖ್ಯೆ ನಿಮ್ಮ ಫೈಲಿನಲ್ಲಿ ಇರಲೇಬೇಕು.

ಹಂತ 3: ಇಲಾಖೆಯಿಂದ ಬರಹದಲ್ಲಿ ತೆಗೆದುಕೊಳ್ಳಿ

ಲಿಯೋಸಾ ಕೇಳುವ ಇನ್ನೂ ಮೂರು ಷರತ್ತುಗಳು ಇಲಾಖೆಗೆ ಸೇರಿದವು. ಗನ್ ಒಯ್ಯಲು ಇಲಾಖೆ ನಿಮಗೆ ಅಧಿಕಾರ ಕೊಟ್ಟಿರಬೇಕು. ಅಧಿಕಾರ ಕಳೆದುಕೊಳ್ಳುವಂಥ ಶಿಸ್ತುಕ್ರಮ ನಿಮ್ಮ ಮೇಲೆ ನಡೆಯುತ್ತಿರಬಾರದು. ನಿಯತವಾಗಿ ಗುಂಡು ಹಾರಿಸುವ ಪರೀಕ್ಷೆ ಕೊಡಬೇಕೆಂಬ ನಿಯಮ ಇಲಾಖೆಯಲ್ಲಿದ್ದರೆ ಅದನ್ನು ಪಾಸು ಮಾಡಿರಬೇಕು.

ಜೈಲಿನೊಳಗೆ ಕೈದಿಗಳ ನಡುವೆ ಓಡಾಡುವ ಅಧಿಕಾರಿಯ ಕೈಯಲ್ಲಿ ಸಾಮಾನ್ಯವಾಗಿ ಗನ್ ಇರುವುದಿಲ್ಲ. ಕಿತ್ತುಕೊಳ್ಳುವ ಅಪಾಯ ಅಷ್ಟಿದೆ. ಕಾವಲು ಗೋಪುರ, ಕೈದಿಯನ್ನು ಆಸ್ಪತ್ರೆಗೋ ಕೋರ್ಟಿಗೋ ಒಯ್ಯುವ ಡ್ಯೂಟಿ, ಇಂಥಲ್ಲಿ ಮಾತ್ರ ಕೊಡುತ್ತಾರೆ. ಹಾಗಾಗಿ ‘ಇಲಾಖೆ ಅಧಿಕಾರ ಕೊಟ್ಟಿದೆ’ ಅನ್ನುವುದನ್ನು ಪೊಲೀಸನ ವಿಷಯದಲ್ಲಿ ಒಪ್ಪಿಕೊಂಡಷ್ಟು ಸುಲಭವಾಗಿ ನಿಮ್ಮ ವಿಷಯದಲ್ಲಿ ಒಪ್ಪಿಕೊಳ್ಳುವುದಿಲ್ಲ.

ಇಲಾಖೆಗೆ ಒಂದು ಪುಟದ ಪತ್ರ ಬರೆಯಿರಿ. ನನ್ನ ಹುದ್ದೆಗೆ ಬಂಧಿಸುವ ಅಧಿಕಾರ ಯಾವ ಕಲಮಿನಡಿ ಇದೆ? ಗನ್ ಒಯ್ಯಲು ನನಗೆ ಅಧಿಕಾರವಿದೆಯೇ, ಇದ್ದರೆ ಡ್ಯೂಟಿ ಹೊತ್ತಿನಲ್ಲಿ ಮಾತ್ರವೇ? ಡ್ಯೂಟಿ ಇಲ್ಲದಾಗ ಒಯ್ಯುವ ಗನ್ನಿನ ಬಗ್ಗೆ ಇಲಾಖೆಯ ನಿಯಮ ಏನು? ಉತ್ತರ ಇಮೇಲಿನಲ್ಲಿ ಬಂದರೂ ಮುದ್ರಿಸಿ ಫೈಲಿಗೆ ಹಾಕಿ.

ಎಚ್ಚರಿಕೆ: ಲಿಯೋಸಾ ತಡೆಯುವುದು ರಾಜ್ಯದ ಗನ್ ಕಾನೂನನ್ನು. ನಿಮ್ಮ ಮೇಲಧಿಕಾರಿಯ ಆದೇಶವನ್ನಲ್ಲ. ಇಲಾಖೆ ಬೇಡವೆಂದ ಮೇಲೂ ಒಯ್ದರೆ ಕೆಲಸಕ್ಕೆ ಸಂಚಕಾರ ಬರಬಹುದು, ಜೊತೆಗೆ ‘ಇಲಾಖೆ ಕೊಟ್ಟ ಅಧಿಕಾರ’ ಅನ್ನುವ ಷರತ್ತೇ ಮುರಿದುಬೀಳಬಹುದು.

ಹಂತ 4: ಐಡಿ ಕಾರ್ಡನ್ನು ಕೈಯಲ್ಲಿ ಹಿಡಿದು ಓದಿ

ಈಗಲೇ ತೆಗೆದು ನೋಡಿ. ಮುಂಭಾಗದಲ್ಲಿ ಫೋಟೊ ಇದೆಯೇ? ಇಲಾಖೆಯ ಹೆಸರಿದೆಯೇ? ಹೆಸರಿನ ಕೆಳಗೆ ಹುದ್ದೆ ಅಂತ ಏನು ಬರೆದಿದ್ದಾರೆ? ಹಿಂದೆ ತಿರುಗಿಸಿ, ಅಲ್ಲಿರುವ ಸಣ್ಣ ಅಕ್ಷರಗಳನ್ನೂ ಓದಿ.

926ಬಿ ಕೇಳುವ ಕಾರ್ಡಿನಲ್ಲಿ, ಇದನ್ನು ಹೊಂದಿರುವವರು ಆ ಸಂಸ್ಥೆಯ ‘ಪೊಲೀಸ್ ಅಧಿಕಾರಿ’ ಅಥವಾ ‘ಲಾ ಎನ್‌ಫೋರ್ಸ್‌ಮೆಂಟ್ ಆಫೀಸರ್’ ಅಂತ ಗುರುತಿಸಿರಬೇಕು. ಎರಡನೆಯ ಪದಕ್ಕೆ ಕಾನೂನು ಜಾರಿ ಅಧಿಕಾರಿ ಅಂತ ಅರ್ಥ. ನಿಮ್ಮ ಕಾರ್ಡಿನಲ್ಲಿ ಬರೀ ‘ಉದ್ಯೋಗಿ’ ಅಂತಲೋ, ಬಾಗಿಲು ತೆರೆಯಲು ಉಜ್ಜುವ ಕಪ್ಪು ಪಟ್ಟಿಯೊಂದು ಮಾತ್ರವೋ ಇದ್ದರೆ, ಉಳಿದ ಷರತ್ತುಗಳೆಲ್ಲ ಸರಿಯಿದ್ದರೂ ಬೇರೆ ರಾಜ್ಯದ ಪೊಲೀಸನ ಮುಂದೆ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ‘ಕರೆಕ್ಷನ್ಸ್ ಆಫೀಸರ್’ ಅಂತ ಮಾತ್ರ ಇದ್ದರೂ ತಕರಾರಿಗೆ ಎಡೆಯುಂಟು. ಸರಿಯಾದ ಪದಗಳಿರುವ ಕಾರ್ಡ್ ಕೊಡಿ ಅಂತ ಬರಹದಲ್ಲಿ ಕೇಳಿ. ನೌಕರರ ಸಂಘದ ಮೂಲಕ ಕೇಳಿದರೆ ಇನ್ನೂ ಒಳ್ಳೆಯದು.

ಬ್ಯಾಡ್ಜ್ ಐಡಿ ಅಲ್ಲ. ಲೋಹದ ಬ್ಯಾಡ್ಜನ್ನು ಅಂಗಡಿಯಲ್ಲೂ ಕೊಳ್ಳಬಹುದು ಅಂತ ಎದುರಿಗಿರುವ ಪೊಲೀಸನಿಗೆ ಗೊತ್ತಿದೆ. ಕಾರ್ಡನ್ನು ಮನೆಯಲ್ಲಿ ಮರೆತು ಹೊರಟರೆ ಆ ದಿನ ನಿಮಗೆ ಲಿಯೋಸಾ ಇಲ್ಲ. ಕಾರ್ಡ್ ಮೈಮೇಲೆ ಇರಬೇಕು ಅನ್ನುವುದೂ ಕಾನೂನಿನದೇ ಷರತ್ತು.

ಹಂತ 5: ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಗನ್ ಹೊಂದಲು ಫೆಡರಲ್ ಕಾನೂನು ಯಾರಿಗೆ ನಿಷೇಧ ಹೇರಿದೆಯೋ ಅವರಿಗೆ ಲಿಯೋಸಾ ಕೂಡ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧದಲ್ಲಿ ದೋಷಿ ಅನ್ನಿಸಿಕೊಂಡವರು ಆ ಪಟ್ಟಿಯಲ್ಲಿರುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸಿಕ್ಕಿಬೀಳುವವರು ಬೇರೆ.

ಸಂಗಾತಿಯ ಮೇಲೆ ಕೈ ಮಾಡಿದ ಪ್ರಕರಣ ಸಣ್ಣ ಅಪರಾಧವಾಗಿ ದಂಡದಲ್ಲೇ ಮುಗಿದಿದ್ದರೂ ಗನ್ ನಿಷೇಧವಾಗುತ್ತದೆ. 1996ರಿಂದ ಇರುವ ಈ ನಿಯಮ ಯೂನಿಫಾರ್ಮ್ ಹಾಕಿದವರಿಗೂ ವಿನಾಯಿತಿ ಕೊಡುವುದಿಲ್ಲ. ಕೌಟುಂಬಿಕ ಹಿಂಸೆಗೆ ಸಂಬಂಧಿಸಿದ ಕೋರ್ಟಿನ ತಡೆಯಾಜ್ಞೆ ಇದ್ದರೂ ಗನ್ ಇಟ್ಟುಕೊಳ್ಳುವಂತಿಲ್ಲ. ಆ ನಿಷೇಧವನ್ನು ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ರಹೀಮಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಗಾಂಜಾದ ವಿಷಯದಲ್ಲೂ ಮೋಸ ಹೋಗಬೇಡಿ. ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲಿ ಮಾರುತ್ತಿದ್ದರೂ, ಅದರ ಬಳಕೆಗೂ ಗನ್ನಿಗೂ ಫೆಡರಲ್ ಕಾನೂನಿನಲ್ಲಿ ಆಗಿಬರುವುದಿಲ್ಲ.

ಮದ್ಯದ ಅಮಲಿನಲ್ಲಿ ಇರಬಾರದು ಅಂತ ಲಿಯೋಸಾದಲ್ಲೇ ಬರೆದಿದೆ. ರಕ್ತದಲ್ಲಿ ಇಷ್ಟು ಪ್ರಮಾಣ ಅಂತ ಗೆರೆ ಎಳೆದಿಲ್ಲ. ಗೆರೆ ಇಲ್ಲದಿರುವಾಗ ಒಂದು ಬಿಯರಿಗೂ ಹೋಗಬಾರದು ಅನ್ನುವುದು ನನ್ನ ಖಂಡಿತ ಮಾತು. ಪಾರ್ಟಿಗೆ ಹೊರಟರೆ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಇರಲಿ.

ಈಗ ನಮ್ಮವರು ಕೇಳಲೇಬೇಕಾದ ಮಾತು. ವಲಸೆ ವೀಸಾ ಅಲ್ಲದ ವೀಸಾಗಳು, ಅಂದರೆ ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1, ಪ್ರವಾಸಿಗರ ಬಿ-2 ಇಂಥವುಗಳ ಮೇಲೆ ಇರುವವರು ಗನ್ ಆಗಲಿ ಗುಂಡಾಗಲಿ ಹೊಂದುವಂತಿಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವೇ ಅಪವಾದಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ನೀವು ಪೌರರಾಗಿದ್ದು, ನಿಮ್ಮ ಮನೆಯಲ್ಲಿ ವೀಸಾದ ಮೇಲಿರುವ ಹೆಂಡತಿಯೋ ತಮ್ಮನೋ ಇದ್ದರೆ ಪೆಟ್ಟಿಗೆಯ ಬೀಗದ ಸಂಖ್ಯೆ ನಿಮ್ಮೊಬ್ಬರಿಗೇ ಗೊತ್ತಿರಲಿ. ಅವರ ಕೈಗೆ ಸಿಗುವ ಹಾಗಿದ್ದರೆ ಅವರ ಸುಪರ್ದಿನಲ್ಲಿತ್ತು ಅಂತಲೇ ವಾದಿಸಬಹುದು. ಮೈಸೂರಿನಿಂದ ಮಗನ ಮನೆಗೆ ಆರು ತಿಂಗಳಿಗೆ ಬಂದ ಅಪ್ಪ, ಸೋಫಾದ ಮೇಲೆ ಕೂತು ಮಗನ ಪಿಸ್ತೂಲು ಹಿಡಿದು ಫೋಟೊ ತೆಗೆಸಿಕೊಂಡು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು ಅವರಿಗೆ ಹೆಮ್ಮೆಯಾಗಿ ಕಾಣುತ್ತದೆ. ಕಾನೂನಿಗೆ ಅದು ಪ್ರವಾಸಿ ವೀಸಾದವರ ಕೈಯಲ್ಲಿ ಗನ್ ಇತ್ತು ಅನ್ನುವುದಕ್ಕೆ ಸಾಕ್ಷಿ. ದಯವಿಟ್ಟು ಕೊಡಬೇಡಿ. ಗನ್ ಪ್ರಕರಣದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇರುವವರನ್ನೂ ದೇಶದಿಂದ ಹೊರಹಾಕಬಹುದು ಅನ್ನುವುದನ್ನು ಮರೆಯಬೇಡಿ.

ಹಂತ 6: ನಿಮ್ಮ ರಾಜ್ಯ ಏನು ಹೇಳುತ್ತದೆ?

ಲಿಯೋಸಾ ಬೇರೆ ರಾಜ್ಯಕ್ಕೆ ಹೋದಾಗ ಕೈಹಿಡಿಯುತ್ತದೆ, ದಿನನಿತ್ಯ ನೀವು ಬದುಕುವುದು ನಿಮ್ಮ ರಾಜ್ಯದಲ್ಲಿ. ಅಲ್ಲಿನ ಕಾನೂನೇ ನಿಮಗೆ ಅನುಮತಿ ಕೊಟ್ಟಿದ್ದರೆ ಮೇಲಿನ ಅರ್ಧ ತಲೆನೋವು ಕಡಿಮೆ.

ಫ್ಲಾರಿಡಾ ಸ್ಪಷ್ಟವಾಗಿ ಮಾತಾಡುತ್ತದೆ. ಅಲ್ಲಿನ 790.052ನೇ ಕಲಮು ಪ್ರಮಾಣಪತ್ರ ಪಡೆದ ಪೊಲೀಸರ ಜೊತೆಗೆ ಜೈಲು ಅಧಿಕಾರಿಗಳನ್ನೂ ಹೆಸರಿಸಿ, ಡ್ಯೂಟಿ ಇಲ್ಲದ ಹೊತ್ತಿನಲ್ಲೂ ಮರೆಸಿಟ್ಟ ಗನ್ ಒಯ್ಯುವ ಹಕ್ಕು ಕೊಡುತ್ತದೆ. ‘ಮೇಲಧಿಕಾರಿಗಳ ವಿವೇಚನೆಗೆ ಒಳಪಟ್ಟು’ ಅನ್ನುವ ಮಾತೂ ಅದರಲ್ಲೇ ಇದೆ, ಅದನ್ನು ನುಂಗಿಬಿಡಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ದಂಡಸಂಹಿತೆಯ 830.5 ನೋಡಿ. ರಾಜ್ಯದ ಜೈಲು ಇಲಾಖೆಯ ಅಧಿಕಾರಿಗಳು ಡ್ಯೂಟಿ ಇಲ್ಲದಾಗಲೂ ಗನ್ ಒಯ್ಯಬಹುದು, ಆದರೆ ಮೂರು ತಿಂಗಳಿಗೊಮ್ಮೆಯಾದರೂ ಆ ಗನ್ನಿನಲ್ಲೇ ಗುರಿ ಪರೀಕ್ಷೆ ಪಾಸಾಗಬೇಕು. ತಪ್ಪಿಸಿದರೆ ಹಕ್ಕನ್ನು ಅಮಾನತು ಮಾಡಲು ಅದೊಂದೇ ಕಾರಣ ಸಾಕು. ‘ರಜೆಯಲ್ಲಿದ್ದೆ, ಯಾರೂ ನೆನಪಿಸಲಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಅರ್ಹತೆ ಉಳಿಸಿಕೊಳ್ಳುವುದು ಅಧಿಕಾರಿಯ ಹೊಣೆ ಅಂತ ಕಲಮಿನಲ್ಲೇ ಇದೆ. ಕೌಂಟಿ ಜೈಲಿನವರಿಗೆ ಇದೇ ಕಲಮು ಅಂತ ಅಂದುಕೊಳ್ಳಬೇಡಿ, ನಿಮ್ಮದನ್ನು ಬೇರೆ ಹುಡುಕಿ.

ನ್ಯೂಯಾರ್ಕಿನ ಕ್ರಿಮಿನಲ್ ಪ್ರೊಸೀಜರ್ ಕಾನೂನಿನ 2.10ರಲ್ಲಿ ಜೈಲು ಅಧಿಕಾರಿಗಳು ಪೀಸ್ ಆಫೀಸರ್‌ಗಳ ಪಟ್ಟಿಯಲ್ಲೇ ಇದ್ದಾರೆ. ಫೆಡರಲ್ ಜೈಲುಗಳ ನೌಕರರಿಗೆ ಕೆಲವು ಅಪರಾಧಗಳಿಗೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಕೊಡುವುದು 18ನೇ ಶೀರ್ಷಿಕೆಯ 3050ನೇ ಕಲಮು.

ನಮ್ಮ ಕಡೆಯ ಓದುಗರು ‘ಬೆಂಗಳೂರಿನ ಜೈಲಿನವರಿಗೆ ಹೇಗೆ?’ ಅಂತಲೂ ಕೇಳುತ್ತಾರೆ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಸರ್ಕಾರಿ ನೌಕರನಿಗೆ ಕರ್ತವ್ಯದ ಅಂಗವಾಗಿ ಹಿಡಿದ ಆಯುಧಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ಮನೆಗೆ ಬಂದ ಮೇಲೆ ಸ್ವಂತ ಗನ್ ಬೇಕೆಂದರೆ ಎಲ್ಲರ ಹಾಗೆ 3ನೇ ಕಲಮಿನ ಲೈಸೆನ್ಸೇ ಬೇಕು. ಲಿಯೋಸಾದಂಥದ್ದು ನಮ್ಮಲ್ಲಿಲ್ಲ.

ಹಂತ 7: ಸಾಮಾನ್ಯ ಲೈಸೆನ್ಸನ್ನೂ ಮಾಡಿಸಿಕೊಳ್ಳಿ

ನನಗೆ ಲಿಯೋಸಾ ಇದೆ, ಇದು ಯಾಕೆ ಬೇಕು ಅನ್ನಬೇಡಿ. ಶಿಸ್ತುಕ್ರಮ ಶುರುವಾದ ದಿನ, ಗುರಿ ಪರೀಕ್ಷೆ ತಪ್ಪಿದ ದಿನ, ಕಾರ್ಡ್ ಕಳೆದುಹೋದ ದಿನ ಲಿಯೋಸಾ ಹೋಗುತ್ತದೆ. ಲೈಸೆನ್ಸ್ ಆ ಕಾರಣಕ್ಕೇ ಹೋಗುವುದಿಲ್ಲ. ಇನ್ನೂ ಒಂದು ದೊಡ್ಡ ಕಾರಣ ಮುಂದಿನ ಹಂತದಲ್ಲಿ ಬರುತ್ತದೆ.

2022ರ ಜೂನ್ 23ರಂದು ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ, ‘ನಿಮಗೆ ವಿಶೇಷ ಕಾರಣವೇನು?’ ಅಂತ ಕೇಳಿ ಲೈಸೆನ್ಸ್ ನಿರಾಕರಿಸುತ್ತಿದ್ದ ನ್ಯೂಯಾರ್ಕಿನಂಥ ರಾಜ್ಯಗಳಲ್ಲೂ ದಾರಿ ತೆರೆದಿದೆ. ಟೆಕ್ಸಸ್ 2021ರ ಸೆಪ್ಟೆಂಬರ್ 1ರಿಂದ, ಫ್ಲಾರಿಡಾ 2023ರ ಜುಲೈ 1ರಿಂದ ಅರ್ಹ ವಯಸ್ಕರಿಗೆ ಲೈಸೆನ್ಸ್ ಇಲ್ಲದೆಯೂ ಒಯ್ಯಲು ಬಿಟ್ಟಿವೆ. ಅಲ್ಲಿದ್ದರೂ ಲೈಸೆನ್ಸ್ ಮಾಡಿಸಿ ಅನ್ನುವುದೇ ನನ್ನ ಸಲಹೆ. ನಿಮ್ಮ ಲೈಸೆನ್ಸನ್ನು ಎಲ್ಲ ರಾಜ್ಯಗಳೂ ಒಪ್ಪುವುದಿಲ್ಲ ಅನ್ನುವುದೂ ಗೊತ್ತಿರಲಿ; ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಬೇರೆ ರಾಜ್ಯದ ಲೈಸೆನ್ಸಿಗೆ ಬೆಲೆ ಕೊಡುವುದಿಲ್ಲ.

ಹಂತ 8: ಎಲ್ಲ ಸರಿಯಿದ್ದರೂ ಒಯ್ಯಬಾರದ ಜಾಗಗಳು

ಅಂಗಡಿ, ಮಾಲ್, ಆಸ್ಪತ್ರೆ, ದೇವಸ್ಥಾನ, ಯಾವುದೇ ಖಾಸಗಿ ಜಾಗದ ಮಾಲೀಕರು ಗನ್ ಬೇಡವೆನ್ನಲು ರಾಜ್ಯದ ಕಾನೂನು ಅವಕಾಶ ಕೊಟ್ಟಿದ್ದರೆ ಆ ಬೋರ್ಡು ನಿಮಗೂ ಅನ್ವಯಿಸುತ್ತದೆ. ಹಾಗೆಯೇ ರಾಜ್ಯ ಮತ್ತು ಸ್ಥಳೀಯ ಸರ್ಕಾರದ ಕಟ್ಟಡ, ಜಾಗ, ಪಾರ್ಕುಗಳಲ್ಲಿನ ನಿಷೇಧ. ಲಿಯೋಸಾ ಇವೆರಡನ್ನೂ ಮುಟ್ಟುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇರುವುದು ಶಾಲೆಯ ಸುತ್ತ. ಶಾಲೆಯ ಗಡಿಯಿಂದ 1,000 ಅಡಿ, ಅಂದರೆ ಸುಮಾರು 300 ಮೀಟರ್ ಒಳಗೆ ಗನ್ ಇರಬಾರದು ಅನ್ನುವ ಫೆಡರಲ್ ಕಾನೂನಿದೆ. ಮುರಿದರೆ 5 ವರ್ಷದವರೆಗೆ ಶಿಕ್ಷೆ. ಲಿಯೋಸಾ ರಾಜ್ಯದ ಕಾನೂನನ್ನು ಬದಿಗೆ ಸರಿಸುತ್ತದೆ, ಫೆಡರಲ್ ಕಾನೂನನ್ನಲ್ಲ. ಈ ಶಾಲಾ ಕಾನೂನಿನಲ್ಲಿ ಅಧಿಕಾರಿಗಳಿಗಿರುವ ವಿನಾಯಿತಿ ‘ಅಧಿಕೃತ ಕರ್ತವ್ಯದಲ್ಲಿರುವಾಗ’ ಮಾತ್ರ. ಮಗಳನ್ನು ಶಾಲೆಗೆ ಬಿಡಲು ಹೋಗುವ ಅಪ್ಪ ಕರ್ತವ್ಯದಲ್ಲಿಲ್ಲ. ಊರೊಳಗೆ ಕಾರು ಓಡಿಸಿದರೆ ಎಷ್ಟು ಶಾಲೆಗಳ 1,000 ಅಡಿ ದಾಟುತ್ತೀರಿ ಲೆಕ್ಕ ಹಾಕಿ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ಮಾತ್ರ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. 7ನೇ ಹಂತವನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಬೇರೆ ರಾಜ್ಯದಲ್ಲಿರುವಾಗ ಆ ವಲಯ ದಾಟಬೇಕಾದರೆ ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ.

ಅಂಚೆ ಕಚೇರಿ, ಫೆಡರಲ್ ಕೋರ್ಟ್, ಪಾಸ್‌ಪೋರ್ಟ್ ಕಚೇರಿಯಂಥ ಫೆಡರಲ್ ಕಟ್ಟಡಗಳಿಗೆ ಬೇಡ. ವಿಮಾನದೊಳಗೂ ಬೇಡ. ಗುಂಡು ಖಾಲಿ ಮಾಡಿ, ಬೀಗವಿರುವ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ ಚೆಕ್-ಇನ್ ಲಗೇಜಿಗೆ ಹಾಕಬೇಕು. ನಯಾಗರಾ ನೋಡಲು ಹೋದವರು ಉತ್ಸಾಹದಲ್ಲಿ ಸೇತುವೆ ದಾಟಿ ಕೆನಡಾ ಕಡೆಗೆ ಹೋಗುತ್ತಾರೆ. ಪಿಸ್ತೂಲು ಕಾರಿನಲ್ಲಿದ್ದರೆ ದಾಟಬೇಡಿ. ಲಿಯೋಸಾ ಅಮೆರಿಕದ ಗಡಿಯಲ್ಲಿ ಮುಗಿಯುತ್ತದೆ.

ಮೆಷಿನ್ ಗನ್, ಸದ್ದಡಗಿಸುವ ಸೈಲೆನ್ಸರ್ ಲಿಯೋಸಾದ ಹೊರಗೆ. ಗುಂಡುಗಳ ವಿಷಯದಲ್ಲಿ 2010ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ, ಗುಂಡು ತುಂಬುವ ಮ್ಯಾಗಜೀನ್ ಬಗ್ಗೆ ಕಾನೂನು ಬಾಯಿ ಬಿಟ್ಟಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಸಾಮಾನ್ಯರಿಗೆ 10 ಗುಂಡಿನ ಮಿತಿ ಹಾಕಿವೆ. ಅಲ್ಲಿಗೆ ಹೋಗುವಾಗ 10ರ ಮ್ಯಾಗಜೀನನ್ನೇ ಒಯ್ಯಿರಿ. ಮತ್ತೆ, ಎಲ್ಲಿ ಹೋದರೂ ಪಿಸ್ತೂಲು ಬಟ್ಟೆಯೊಳಗೇ ಇರಬೇಕು. ಹೊರಗೆ ಕಾಣುವ ಹಾಗೆ ಒಯ್ಯಲು ಲಿಯೋಸಾ ಅನುಮತಿ ಕೊಡುವುದಿಲ್ಲ. ಬೇರೆ ರಾಜ್ಯದಲ್ಲಿ ಯಾರನ್ನಾದರೂ ಬಂಧಿಸುವ ಅಧಿಕಾರವನ್ನಂತೂ ಕೊಡುವುದೇ ಇಲ್ಲ.

ಹಂತ 9: ಜೈಲಿಗೆ ಹೋಗುವಾಗ ಎಲ್ಲಿಡುವುದು?

ಮನೆಯಿಂದ ಜೈಲಿನವರೆಗೆ ಒಯ್ಯಬಹುದು, ಜೈಲಿನ ಪಾರ್ಕಿಂಗ್ ಜಾಗದಲ್ಲಿ ಇಡುವ ಹಾಗಿಲ್ಲ ಅಂದರೆ ದಾರಿಯ ರಕ್ಷಣೆಯೇ ಇಲ್ಲದಂತಾಯಿತು. ಫೆಡರಲ್ ಜೈಲುಗಳ ಮಟ್ಟಿಗೆ 2018ರ ಡಿಸೆಂಬರ್ 21ರಂದು ಸಹಿಯಾದ ಫಸ್ಟ್ ಸ್ಟೆಪ್ ಆ್ಯಕ್ಟ್ ಇದನ್ನು ಸರಿಪಡಿಸಿತು. ಅದರ ಆ ಭಾಗಕ್ಕೆ ಅಲ್ಬರಾಟಿಯವರ ಹೆಸರನ್ನೇ ಇಟ್ಟಿದ್ದಾರೆ. ಜೈಲಿನ ಭದ್ರತಾ ಆವರಣದ ಹೊರಗೆ ಗನ್ ಇಡಲು ಸುರಕ್ಷಿತ ಜಾಗ ಕೊಡಬೇಕು, ಇಲ್ಲವೇ ಒಪ್ಪಿಗೆ ಪಡೆದ ಬೀಗದ ಪೆಟ್ಟಿಗೆಯನ್ನು ಕಾರಿನಲ್ಲಿಡಲು ಬಿಡಬೇಕು. ರಾಜ್ಯ ಮತ್ತು ಕೌಂಟಿ ಜೈಲಿನವರಿಗೆ ಇದು ಅನ್ವಯಿಸುವುದಿಲ್ಲ, ನಿಮ್ಮ ಸಂಸ್ಥೆಯ ಆದೇಶ ಕೇಳಿ. ಕಾರಿನ ಗ್ಲವ್ ಬಾಕ್ಸು ಬೀಗದ ಪೆಟ್ಟಿಗೆ ಅಲ್ಲ. ಆವರಣದ ಒಳಗೆ ಮರೆವಿನಿಂದಲೂ ಒಯ್ಯಬೇಡಿ. ಗೇಟಿನ ಹತ್ತಿರ ಬಂದಾಗ ದಿನವೂ ಸೊಂಟ ಮುಟ್ಟಿ ನೋಡಿಕೊಳ್ಳಿ.

ಹಂತ 10: ರಸ್ತೆಯಲ್ಲಿ ಪೊಲೀಸ್ ನಿಲ್ಲಿಸಿದರೆ

ಕಾರನ್ನು ಬದಿಗೆ ತೆಗೆದು ಎಂಜಿನ್ ಆರಿಸಿ. ರಾತ್ರಿಯಾದರೆ ಒಳಗಿನ ದೀಪ ಹಾಕಿ. ಗಾಜು ಇಳಿಸಿ ಎರಡೂ ಅಂಗೈಯನ್ನು ಸ್ಟಿಯರಿಂಗ್ ಮೇಲ್ಭಾಗದಲ್ಲಿ ಕಾಣುವಂತೆ ಇಡಿ. ಅವರು ಹತ್ತಿರ ಬಂದಾಗ ನಿಧಾನವಾಗಿ ಹೇಳಿ: ನಾನು ಇಂಥ ಇಲಾಖೆಯ ಅಧಿಕಾರಿ, ಲಿಯೋಸಾ ಅಡಿಯಲ್ಲಿ ಆಯುಧ ಇಟ್ಟುಕೊಂಡಿದ್ದೇನೆ, ಬಲಸೊಂಟದಲ್ಲಿದೆ, ಐಡಿ ಎಡಜೇಬಿನಲ್ಲಿದೆ, ತೆಗೆಯಲೇ? ಹೂಂ ಅಂದ ಮೇಲೆ ಮಾತ್ರ ಕೈ ಅಲ್ಲಾಡಲಿ. ಐಡಿಯನ್ನು ಪಿಸ್ತೂಲು ಇರುವ ಕಡೆಯ ಜೇಬಿನಲ್ಲಿ ಯಾವತ್ತೂ ಇಡಬೇಡಿ. ಕಾರ್ಡಿಗೆ ಅಂತ ಕೈ ಹಾಕಿದ್ದನ್ನು ಎದುರಿಗಿರುವವರು ಪಿಸ್ತೂಲಿಗೆ ಕೈ ಹಾಕಿದಂತೆ ಕಂಡರೆ ಆಮೇಲೆ ವಿವರಿಸಲು ಸಮಯ ಸಿಗುವುದಿಲ್ಲ.

ಅವರಿಗೆ ಲಿಯೋಸಾ ಗೊತ್ತಿಲ್ಲದೆಯೂ ಇರಬಹುದು. ವಾದ ಮಾಡಬೇಡಿ. ಬಂಧಿಸಿದರೂ ಪ್ರತಿರೋಧ ಬೇಡ; ನಿಮ್ಮ ವಕೀಲರು ಲಿಯೋಸಾವನ್ನು ಎತ್ತಬೇಕಾದ್ದು ಕೋರ್ಟಿನಲ್ಲಿ. ಸಂಘದ ವಕೀಲರ ಫೋನ್ ನಂಬರನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಪರ್ಸಿನೊಳಗೆ ಚೀಟಿಯಲ್ಲೂ ಇಟ್ಟುಕೊಳ್ಳಿ, ಯಾಕೆಂದರೆ ಮೊದಲು ಕಸಿಯುವುದು ಮೊಬೈಲನ್ನೇ.

ಹಂತ 11: ನಿವೃತ್ತರಾದ ಮೇಲೆ

ಕೈದಿಗಳ ನೆನಪು ನಿಮ್ಮ ಪಿಂಚಣಿಯ ಜೊತೆ ಮುಗಿಯುವುದಿಲ್ಲ, ಕಾನೂನು ಅದನ್ನು ಅರಿತಿದೆ. 926ಸಿ ಪ್ರಕಾರ ಒಟ್ಟು 10 ವರ್ಷ ಸೇವೆ ಸಲ್ಲಿಸಿ ಕಳಂಕವಿಲ್ಲದೆ ಹೊರಬಂದಿರಬೇಕು; 2010ರವರೆಗೆ ಇದು 15 ವರ್ಷವಿತ್ತು. ಕೆಲಸದಲ್ಲೇ ಆದ ಗಾಯದಿಂದ ಹೊರಬಂದವರು ಪ್ರೊಬೇಷನ್ ಮುಗಿಸಿದ್ದರೆ ಸಾಕು. ಸೇವೆಯಲ್ಲಿದ್ದಾಗ ಬಂಧಿಸುವ ಅಧಿಕಾರ ಇತ್ತೇ ಅನ್ನುವ 2ನೇ ಹಂತದ ಪ್ರಶ್ನೆ ಇಲ್ಲೂ ಬರುತ್ತದೆ.

ಬೇಕಾದ ಕಾಗದ ಎರಡು: ಹಳೆಯ ಇಲಾಖೆ ಕೊಟ್ಟ ಫೋಟೊ ಐಡಿ, ಹಿಂದಿನ 12 ತಿಂಗಳೊಳಗೆ ಗುರಿ ಪರೀಕ್ಷೆ ಪಾಸಾದ ಪ್ರಮಾಣಪತ್ರ. ಖರ್ಚು ನಿಮ್ಮದೇ. ಐಡಿ ಕೊಡಿ ಅಂತ ಇಲಾಖೆಯನ್ನು ಕೋರ್ಟಿನ ಮೂಲಕ ಬಲವಂತ ಮಾಡುವುದು ಎಲ್ಲ ಕಡೆ ನಡೆಯುವುದಿಲ್ಲ. ಫ್ಲಾರಿಡಾದ ನೆಪ್ಟ್ಯೂನ್ ಬೀಚ್ ನಗರದ ಪ್ರಕರಣದಲ್ಲಿ 2019ರಲ್ಲಿ 11ನೇ ಸರ್ಕ್ಯೂಟ್ ಕೋರ್ಟ್ ಅಂಥ ಹಕ್ಕಿಲ್ಲ ಅಂದಿತು. ಆದ್ದರಿಂದ ಕೆಲಸ ಬಿಡುವ ತಿಂಗಳಲ್ಲಿ, ಇನ್ನೂ ನಿಮ್ಮ ಮಾತು ನಡೆಯುವಾಗಲೇ, ನಿವೃತ್ತರ ಕಾರ್ಡಿಗೆ ಅರ್ಜಿ ಹಾಕಿ. ಕೈಗೆ ಐಡಿ ಸಿಕ್ಕಿದವರ ಪರವಾಗಿ ಕೋರ್ಟುಗಳು ಗಟ್ಟಿಯಾಗಿ ನಿಂತದ್ದೂ ಇದೆ: ನಿವೃತ್ತ ಅಧಿಕಾರಿಗಳು ರಾಜ್ಯದ ಪ್ರತ್ಯೇಕ ಪರವಾನಗಿಯನ್ನೂ ತೆಗೆದುಕೊಳ್ಳಲೇಬೇಕೆಂದ ನ್ಯೂಜೆರ್ಸಿಯ ವಾದವನ್ನು 3ನೇ ಸರ್ಕ್ಯೂಟ್ ಕೋರ್ಟ್ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿತು.

ಗುರಿ ಪರೀಕ್ಷೆಯ ತಾರೀಖನ್ನು ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕುವಾಗ 12ನೇ ತಿಂಗಳಿಗೆ ಹಾಕಬೇಡಿ, 10ನೇ ತಿಂಗಳಿಗೆ ಹಾಕಿ. ಗುಂಡು ಹಾರಿಸುವ ಮೈದಾನದಲ್ಲಿ ಜಾಗ ಸಿಗಬೇಕು, ಮೊದಲ ಸಲ ಕೈ ನಡುಗಿ ತಪ್ಪಿದರೆ ಇನ್ನೊಂದು ಸಲ ಹೋಗಬೇಕು. ಒಂದು ದಿನ ಮೀರಿದರೂ, ಹೊಸ ಪ್ರಮಾಣಪತ್ರ ಕೈಗೆ ಬರುವವರೆಗೆ ಪಿಸ್ತೂಲು ಪೆಟ್ಟಿಗೆಯಲ್ಲೇ ಇರಬೇಕು.